ಕೊನೆಯ ನುಡಿಯಲ್ಲಿ ಅಡಗಿದ ಹೆಸರು

ಹೈದರಾಬಾದಿನ ರಾಮಕೋಟಿಯಲ್ಲಿರುವ ಸರ್ಕಾರಿ ಸಂಗೀತ ನೃತ್ಯ ಕಾಲೇಜಿಗೆ ತ್ಯಾಗರಾಜರ ಹೆಸರಿದೆ, ಸಿಕಂದರಾಬಾದಿನ ಕಾಲೇಜಿಗೆ ಭಕ್ತ ರಾಮದಾಸರ ಹೆಸರಿದೆ, ಚಿಕ್ಕಡಪಲ್ಲಿಯ ಗಾನಸಭೆಯು ತೆಲುಗಿನ ರೂಢಿಯಂತೆ ‘ತ್ಯಾಗರಾಯ’ ಎಂದು ಬರೆದುಕೊಳ್ಳುತ್ತದೆ. ತೊಂಬತ್ತಾರು ಕೋಟಿ ರಾಮನಾಮ ಜಪಿಸಿದರೆಂದು ಸಂಪ್ರದಾಯವು ನಂಬುವ ವಾಗ್ಗೇಯಕಾರರ ಹೆಸರಿನ ಕಾಲೇಜು ರಾಮಕೋಟಿ ಎಂಬ ಬಡಾವಣೆಯಲ್ಲಿಯೇ ನೆಲೆಗೊಂಡಿರುವುದು ಕಾಕತಾಳೀಯವೇ ಇರಬಹುದು. ಆದರೆ ಹೆಸರುಗಳ ಇಂತಹ ಆಟವು ದಕ್ಷಿಣದ ಸಂಗೀತಕ್ಕೆ ಹೊಸದಲ್ಲ. ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಸ್ವರರಚನೆಯನ್ನೂ, ತಾನೇ ಹೊಸೆಯುವವನಿಗೆ ವಾಗ್ಗೇಯಕಾರನೆಂದು ಹೆಸರು. ಆತ ತನ್ನ ಕೃತಿಯ ಕೊನೆಯ ಚರಣದಲ್ಲಿ ಸಾಮಾನ್ಯವಾಗಿ ಒಂದು ಗುರುತನ್ನು ಇರಿಸುತ್ತಾನೆ. ಕರ್ನಾಟಕ ಸಂಗೀತದಲ್ಲಿ ಅದನ್ನು ಮುದ್ರೆಯೆಂದೂ, ಹರಿದಾಸರ ಮತ್ತು ವಚನಕಾರರ ಪರಂಪರೆಯಲ್ಲಿ ಅಂಕಿತವೆಂದೂ, ಉರ್ದು ಗಜಲಿನಲ್ಲಿ ತಖಲ್ಲುಸ್ ಎಂದೂ ಕರೆಯುತ್ತಾರೆ. ಈ ಮೂರೂ ಪದ್ಧತಿಗಳು ಒಂದೇ ನೆಲದ ಮೇಲೆ ಓಡಾಡಿದ ಊರುಗಳು ಕಡಿಮೆ. ಗೋಲ್ಕೊಂಡವನ್ನೂ ಒಳಗೊಂಡ ಹೈದರಾಬಾದು ಅವುಗಳಲ್ಲಿ ಒಂದು.

ಮುದ್ರೆಯನ್ನು ಚಿತ್ರಕಾರನು ಪಟದ ಮೂಲೆಯಲ್ಲಿ ಹಾಕುವ ರುಜುವಿನೊಂದಿಗೆ ಹೋಲಿಸುವುದು ವಾಡಿಕೆಯಾಗಿದ್ದರೂ ಆ ಹೋಲಿಕೆ ಪೂರ್ತಿ ಸರಿಯಲ್ಲ. ರುಜುವು ಚಿತ್ರದ ಹೊರಗಿನದು; ಮುದ್ರೆಯಾದರೋ ವಾಕ್ಯದ ಅನ್ವಯದೊಳಗೆ ಸೇರಿ ಅಲ್ಲಿ ತನ್ನದೇ ಅರ್ಥವನ್ನು ಹೊತ್ತು ನಿಲ್ಲಬೇಕು. ಆದ್ದರಿಂದ ಬಲ್ಲವರು ಮುದ್ರೆಯನ್ನು ಹೆಚ್ಚಾಗಿ ಶ್ಲೇಷವನ್ನಾಗಿಯೇ, ಎಂದರೆ ಒಂದೇ ಪದಕ್ಕೆ ಎರಡರ್ಥ ಬರುವಂತೆಯೇ ಹೆಣೆದಿದ್ದಾರೆ. ತ್ಯಾಗರಾಜರದು (1767–1847) ಇದರ ಅತ್ಯಂತ ಪರಿಚಿತ ನಿದರ್ಶನ. ಅವರು ಹುಟ್ಟಿದ ತಿರುವಾರೂರಿನ ದೇವಾಲಯದಲ್ಲಿ ಸೋಮಾಸ್ಕಂದ ರೂಪದ ಶಿವನಿಗೆ ತ್ಯಾಗರಾಜನೆಂದೇ ಹೆಸರು. ಹೀಗಾಗಿ ರಾಮನನ್ನು ಅವರು ‘ತ್ಯಾಗರಾಜನಿಂದ ಸ್ತುತನಾದವನು’ ಎಂಬ ಅರ್ಥದಲ್ಲಿ ಸಂಬೋಧಿಸಿದಾಗಲೆಲ್ಲ ಕೇಳುಗನ ಕಿವಿಗೆ ಎರಡು ಅನ್ವಯಗಳು ಒಟ್ಟಿಗೇ ಬೀಳುತ್ತವೆ: ಹಾಡುತ್ತಿರುವ ಬಡ ಭಕ್ತ ಒಬ್ಬ, ರಾಮನಾಮವನ್ನು ಸದಾ ಸ್ಮರಿಸುವನೆಂದು ಪುರಾಣಗಳು ಹೇಳುವ ಶಿವ ಇನ್ನೊಬ್ಬ. ಭಕ್ತನು ತನ್ನ ಹೆಸರನ್ನು ಹೇಳಿಕೊಂಡದ್ದೂ ಆಯಿತು, ಆ ಹೆಸರಿನ ಹಿಂದೆ ಮರೆಯಾದದ್ದೂ ಆಯಿತು. ಅದೇ ಊರಿನಲ್ಲಿ ಜನಿಸಿದ ಮುತ್ತುಸ್ವಾಮಿ ದೀಕ್ಷಿತರು (1775–1835) ತಿರುವಾರೂರಿನ ದೇವರ ಮೇಲೆ ಎಂಟು ವಿಭಕ್ತಿಗಳಲ್ಲಿ ಕೃತಿಗಳನ್ನು ರಚಿಸಿದಾಗ ಅಲ್ಲಿ ‘ತ್ಯಾಗರಾಜ’ ಎಂಬುದು ದೇವರೊಬ್ಬನದೇ ಹೆಸರಾಗಿದ್ದು, ಅವರ ಸ್ವಂತ ಮುದ್ರೆಯಾದ ‘ಗುರುಗುಹ’ ಬೇರೆಯಾಗಿ ಬರುತ್ತದೆ. ಗುಹನೆಂದರೆ ಸುಬ್ರಹ್ಮಣ್ಯ, ಗುರುವೂ ಗುಹನೂ ಒಂದೇ ಎನ್ನುವ ಭಾವವನ್ನು ಆ ಸಮಾಸವು ನಾಲ್ಕು ಅಕ್ಷರಗಳಲ್ಲಿ ಹಿಡಿದಿಡುತ್ತದೆ. ಶ್ಯಾಮಾಶಾಸ್ತ್ರಿಗಳ (1762–1827) ಆಟ ಇನ್ನೂ ಸೂಕ್ಷ್ಮ: ಅವರ ಹುಟ್ಟುಹೆಸರು ವೆಂಕಟಸುಬ್ರಹ್ಮಣ್ಯ, ಮನೆಯವರು ಮುದ್ದಿನಿಂದ ಕರೆದ ಹೆಸರು ಶ್ಯಾಮಕೃಷ್ಣ. ಅದನ್ನೇ ಮುದ್ರೆಯಾಗಿಸಿಕೊಂಡ ಅವರು ಕಾಮಾಕ್ಷಿಯನ್ನು ಶ್ಯಾಮಕೃಷ್ಣನ ಸೋದರಿಯೆಂದು ಕರೆಯುತ್ತಾರೆ. ದೇವಿಯು ವಿಷ್ಣುವಿನ ತಂಗಿಯೆಂಬುದು ಪುರಾಣಪ್ರಸಿದ್ಧವಾದ್ದರಿಂದ ಅರ್ಥಕ್ಕೆ ಯಾವ ಕುಂದೂ ಇಲ್ಲ. ಆದರೆ ಅದೇ ಉಸಿರಿನಲ್ಲಿ ಅರ್ಚಕ ಮನೆತನದ ಆ ಕವಿಯು ತಾನು ಪೂಜಿಸುವ ದೇವಿಗೆ ಅಣ್ಣನಾಗಿಬಿಡುವ ಸಲಿಗೆಯನ್ನೂ ಪಡೆದುಕೊಳ್ಳುತ್ತಾನೆ.

ಗೋಲ್ಕೊಂಡಕ್ಕೆ ನೇರವಾಗಿ ಸೇರಿದ ವಾಗ್ಗೇಯಕಾರರೆಂದರೆ ಭದ್ರಾಚಲ ರಾಮದಾಸರು. ಹದಿನೇಳನೆಯ ಶತಮಾನದ ಈ ಭಕ್ತರ ಮೂಲ ಹೆಸರು ಕಂಚೆರ್ಲ ಗೋಪನ್ನ. ಕುತುಬ್‌ಶಾಹಿಯ ಕೊನೆಯ ಅರಸ ಅಬುಲ್ ಹಸನನ (ಆಳ್ವಿಕೆ 1672–1687) ಕಾಲದಲ್ಲಿ ಅವರು ಪಾಲ್ವಂಚ ಪರಗಣದ ತಹಸೀಲ್ದಾರರಾಗಿದ್ದರು, ಸಂಗ್ರಹವಾದ ಕಂದಾಯವನ್ನು ಭದ್ರಾಚಲದ ರಾಮನ ಗುಡಿಗೆ ವೆಚ್ಚಮಾಡಿ ಗೋಲ್ಕೊಂಡದ ಸೆರೆಮನೆ ಸೇರಿದರು, ಅವರಿದ್ದ ಕೋಣೆಯೆಂದು ಕೋಟೆಯಲ್ಲಿ ಇಂದಿಗೂ ಒಂದನ್ನು ತೋರಿಸುತ್ತಾರೆ. ಗೋಪನ್ನ ಎಂಬ ಅಧಿಕಾರಿಯು ರಾಮದಾಸನೆಂಬ ಹಾಡುಗಾರನಾಗಿ ಉಳಿದದ್ದೇ ಒಂದು ಹೆಸರಿನ ಪಲ್ಲಟ. ‘ದಾಸ’ ಎಂಬ ಪದವು ಇಲ್ಲಿ ಹೆಸರೂ ಹೌದು, ಹುದ್ದೆಯೂ ಹೌದು: ಬಾದಶಹನ ನೌಕರನೊಬ್ಬ ತಾನು ಯಾರ ನೌಕರನೆಂಬುದನ್ನು ಹೆಸರಿನಲ್ಲಿಯೇ ಬದಲಾಯಿಸಿಕೊಂಡಿದ್ದಾನೆ. ಐತಿಹ್ಯವು ಈ ಆಟವನ್ನು ದೇವರವರೆಗೂ ಎಳೆಯುತ್ತದೆ. ಬಾಕಿ ಹಣವನ್ನು ರಾತ್ರೋರಾತ್ರಿ ತಂದು ಕಟ್ಟಿದ ಇಬ್ಬರು ತರುಣರು ತಮ್ಮನ್ನು ರಾಮೋಜಿ ಮತ್ತು ಲಕ್ಷ್ಮೋಜಿ ಎಂದು ಪರಿಚಯಿಸಿಕೊಂಡರಂತೆ. ಭಕ್ತನು ದಾಸನಾದರೆ ಭಗವಂತನು ದಖ್ಖನ್ನಿನ ಸರ್ಕಾರಿ ಕಾಗದಪತ್ರಗಳಿಗೆ ಒಗ್ಗುವ ‘ಜಿ’ಕಾರವನ್ನು ಅಂಟಿಸಿಕೊಂಡು ದರ್ಬಾರಿಗೆ ಬರುತ್ತಾನೆ. ಆ ಬಾದಶಹನ ಹೆಸರಿನ ಗತಿ ಇನ್ನೂ ವಿಚಿತ್ರವಾದುದು. ಅಬುಲ್ ಹಸನನಿಗೆ ಇಂಪಾದ ಕಂಠವಿದ್ದುದರಿಂದ ಅವನ ಸೂಫಿ ಗುರು ಶಾಹ್ ರಾಜು ಅವನನ್ನು ತಾನಾ ಶಾಹ್ ಎಂದು ಅಕ್ಕರೆಯಿಂದ ಕರೆದನೆಂದು ಒಂದು ಐತಿಹ್ಯವಿದೆ. ತೆಲುಗರ ಬಾಯಲ್ಲಿ ಅದು ತಾನೀಷಾ ಆಯಿತು. ಇಂದಿನ ಹಿಂದಿಯಲ್ಲಿ ಅದೇ ‘ತಾನಾಶಾಹ’ ಪದಕ್ಕೆ ಸರ್ವಾಧಿಕಾರಿಯೆಂಬ ಅರ್ಥ. ಹಾಡಿನ ಕಾರಣಕ್ಕೆ ಬಂದಿತೆನ್ನಲಾದ ಅಡ್ಡಹೆಸರು ಕೊನೆಗೆ ದಬ್ಬಾಳಿಕೆಗೆ ಪರ್ಯಾಯವಾಗಿ ನಿಂತದ್ದು ಆ ಅರಸನಿಗೆ ಆದ ಅನ್ಯಾಯವೆಂದೇ ಹೇಳಬೇಕು.

ರಾಮದಾಸರಿಗಿಂತ ತುಸು ಮೊದಲು ಇದೇ ಗೋಲ್ಕೊಂಡದ ಆಸ್ಥಾನಕ್ಕೆ ಬಂದುಹೋದವರು ಪದಕರ್ತ ಕ್ಷೇತ್ರಯ್ಯ. ಗೋಲ್ಕೊಂಡದ ಪಾದಶಹನ ಮುಂದೆ 1,500 ಪದಗಳನ್ನು ಹಾಡಿದ ಸಂಗತಿಯನ್ನು ಅವರು ತಮ್ಮದೇ ಒಂದು ಪದದಲ್ಲಿ ಹೇಳಿಕೊಂಡಿದ್ದಾರೆ. ಅವರ ಮುದ್ರೆ ‘ಮುವ್ವಗೋಪಾಲ’. ಮುವ್ವ ಎಂಬುದು ಕೂಚಿಪೂಡಿಗೆ ಸಮೀಪದ, ಇಂದು ಮೊವ್ವ ಎನ್ನಲಾಗುವ ಹಳ್ಳಿ. ಅಲ್ಲಿಯ ಗೋಪಾಲನೇ ಅವರ ಇಷ್ಟದೈವ. ತೆಲುಗಿನಲ್ಲಿ ಮುವ್ವ ಎಂದರೆ ಗೆಜ್ಜೆ. ಅಭಿನಯಕ್ಕೆಂದೇ ಹುಟ್ಟಿದ ಶೃಂಗಾರಪದಗಳ ಕೊನೆಯಲ್ಲಿ, ನರ್ತಕಿಯ ಕಾಲಿನ ಗೆಜ್ಜೆ ಕೇಳಿಸುತ್ತಿರುವಾಗಲೇ, ಗೆಜ್ಜೆಯ ಗೋಪಾಲನ ಹೆಸರು ಬರುವುದು ಕೇವಲ ಊರಿನ ವಿಳಾಸವಾಗಿ ಉಳಿಯುವುದಿಲ್ಲ. ಕ್ಷೇತ್ರಯ್ಯ ಎಂಬುದೂ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದವನೆಂಬ ಅರ್ಥದಲ್ಲಿ ಬಂದ ಹೆಸರೆಂದೇ ಪ್ರತೀತಿ.

ಕುತುಬ್‌ಶಾಹಿ ಅಳಿದು ನಿಜಾಮರು ಬಂದ ಮೇಲೆ ಹೈದರಾಬಾದಿನ ಸಂಗೀತದ ಮಾತು ಹೆಚ್ಚಾಗಿ ಉರ್ದುವಿಗೆ ತಿರುಗಿತು. ಗಜಲಿನ ಕೊನೆಯ ದ್ವಿಪದಿಗೆ ಮಖ್ತಾ ಎಂದು ಹೆಸರು; ಕವಿಯು ತನ್ನ ಕಾವ್ಯನಾಮವನ್ನು, ಅಂದರೆ ತಖಲ್ಲುಸನ್ನು, ಅಲ್ಲಿ ನೇಯಬೇಕೆಂಬುದು ನಿಯಮ. ಮುದ್ರೆಯಂತೆ ಇಲ್ಲಿಯೂ ಆ ಪದಕ್ಕೆ ಸ್ವತಂತ್ರವಾದ ಅರ್ಥವಿದ್ದರೆ ಮಾತ್ರ ಸೊಗಸು. 1768ರಲ್ಲಿ ಜನಿಸಿದ, ಹೈದರಾಬಾದಿನ ಮಹ್ ಲಖಾ ಬಾಯಿ ಕವಯಿತ್ರಿಯಾಗಿ, ಗಾಯಕಿಯಾಗಿ, ನರ್ತಕಿಯಾಗಿ, ಆಸ್ಥಾನದ ಪ್ರಭಾವಿ ಮಹಿಳೆಯಾಗಿ ಎರಡನೆಯ ಮತ್ತು ಮೂರನೆಯ ಅಸಫ್ ಜಾಹರ ಕಾಲದಲ್ಲಿ ಬಾಳಿದವಳು. ಆಕೆಯ ಮೊದಲ ಹೆಸರೂ ಕಾವ್ಯನಾಮವೂ ‘ಚಂದಾ’, ಅಂದರೆ ಚಂದ್ರ. ಆಸ್ಥಾನವು ಕೊಟ್ಟ ಬಿರುದು ‘ಮಹ್ ಲಖಾ’, ಪಾರಸಿಯಲ್ಲಿ ಚಂದ್ರಮುಖಿ. ಬಿರುದನ್ನು ಕೊಟ್ಟವರು ದೇಶಭಾಷೆಯ ಹೆಸರನ್ನು ದರ್ಬಾರಿನ ಭಾಷೆಗೆ ತಿರುಗಿಸಿ ಮೆರುಗು ಹಚ್ಚಿದರು, ಆಕೆಯಾದರೋ ಎರಡನ್ನೂ ಉಳಿಸಿಕೊಂಡು ಚಂದ್ರನನ್ನು ಎರಡು ಸಲ ಧರಿಸಿದಳು. ಗಜಲಿನ ನಾಯಿಕೆಯನ್ನು ಚಂದ್ರನಿಗೆ ಹೋಲಿಸುವುದು ಆ ಕಾವ್ಯದ ಸವಕಲು ರೂಢಿ. ಬರೆಯುವವಳೇ ಚಂದ್ರನಾದಾಗ ಆ ರೂಢಿಗೆ ಅನಿರೀಕ್ಷಿತವಾದ ತಿರುವು ಸಿಗುತ್ತದೆ. ಆಕೆಯ ಗಜಲುಗಳು ಕೊನೆಯಲ್ಲಿ ಹಜರತ್ ಅಲಿಯನ್ನು ಸ್ಮರಿಸುತ್ತವೆ, ಹೀಗಾಗಿ ಪ್ರಣಯದ ಮಾತು ಮುಗಿಯುವಲ್ಲಿ ಚಂದಾ ಎಂಬ ಹೆಸರು ಪ್ರೇಯಸಿಯದಾಗದೆ ಭಕ್ತಳದಾಗುತ್ತದೆ. ಆಕೆಗೆ ಸಂಗೀತ ಕಲಿಸಿದ ಖುಶ್‌ಹಾಲ್ ಖಾನನ ಕಾವ್ಯನಾಮ ‘ಅನೂಪ್’, ಅಂದರೆ ಸಾಟಿಯಿಲ್ಲದವನು. ಶಿಷ್ಯೆಯ ಹೆಸರಿನ ಮುಂದೆ ಇದು ಕೊಂಚ ಬಡಾಯಿಯಂತೆಯೇ ತೋರುತ್ತದೆ. ಆಕೆ ತೀರಿಕೊಂಡದ್ದು 1824ರಲ್ಲಿ, ಸಮಾಧಿ ಇರುವುದು ಮೌಲಾ ಅಲಿ ಗುಡ್ಡದ ತಪ್ಪಲಿನಲ್ಲಿ, ತಾಯಿಯ ಗೋರಿಯ ಪಕ್ಕದಲ್ಲಿ. ‘ಗುಲ್ಜಾರ್-ಎ-ಮಹ್‌ಲಖಾ’ ಎಂಬ ಆಕೆಯ ಕವನಸಂಕಲನದ ಹೆಸರಿನಲ್ಲಿಯೂ ಚಂದ್ರಮುಖಿಯ ತೋಟವೊಂದಿದೆ.

ನಿಜಾಮರ ಅದೇ ಸಂಸ್ಥಾನದ ಕನ್ನಡ ಭಾಗದಲ್ಲಿ, 1956ರ ತನಕ ಹೈದರಾಬಾದಿನ ಆಡಳಿತಕ್ಕೆ ಸೇರಿದ್ದ ರಾಯಚೂರು ಸೀಮೆಯಲ್ಲಿ, ಹೆಸರಿನ ಇನ್ನೊಂದು ವ್ಯಾಕರಣ ನಡೆದಿತ್ತು. ಹರಿದಾಸರಲ್ಲಿ ಅಂಕಿತವನ್ನು ತಾನೇ ಇಟ್ಟುಕೊಳ್ಳುವಂತಿಲ್ಲ. ಗುರುವೋ ಸ್ವಪ್ನವೋ ಅದನ್ನು ಕೊಡಬೇಕು. ಪುರಂದರದಾಸರಿಗೆ ವ್ಯಾಸರಾಯರಿಂದ ಬಂದ ‘ಪುರಂದರವಿಠಲ’ವು ಮುಂದಿನವರಿಗೆ ಅಚ್ಚಾಯಿತು. ವಿಠಲನು ಸ್ಥಿರ, ಅದರ ಮೊದಲಿನ ಪದ ಮಾತ್ರ ಚರ: ವಿಜಯದಾಸರದು ವಿಜಯವಿಠಲ, ಮೊಸರಕಲ್ಲಿನ ಗೋಪಾಲದಾಸರದು ಗೋಪಾಲವಿಠಲ, ಮಾನ್ವಿಯಲ್ಲಿ ನೆಲೆಸಿ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರದು (1728–1809) ಜಗನ್ನಾಥವಿಠಲ. ಇಲ್ಲಿ ಹೆಸರು ಹರಿಯುವ ದಿಕ್ಕೇ ತಿರುಗಿದೆ ಎಂಬುದನ್ನು ಗಮನಿಸಬೇಕು. ತ್ಯಾಗರಾಜರ ಹೆಸರು ಮುದ್ರೆಯಾಯಿತು. ದಾಸರಲ್ಲಾದರೋ ಅಂಕಿತವೇ ಹೆಸರಾಯಿತು, ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರನ್ನು ಜಗತ್ತು ಜಗನ್ನಾಥದಾಸರೆಂದೇ ಬಲ್ಲದು. ‘ಪುರಂದರ’ ಎಂಬ ಒಂದೇ ಪದವನ್ನು ಇಂದ್ರನೆಂದು ಓದುವವರೂ ಇದ್ದಾರೆ, ಪುಣೆಯ ಬಳಿಯ ಪುರಂದರಗಡವೆಂದು ಓದಿ ದಾಸರ ಹುಟ್ಟೂರನ್ನು ಅಲ್ಲಿಗೆ ಒಯ್ಯುವವರೂ ಇದ್ದಾರೆ. ಹರಪನಹಳ್ಳಿಯ ಭೀಮವ್ವನ ಅಂಕಿತ ‘ಭೀಮೇಶಕೃಷ್ಣ’. ಅಲ್ಲಿ ಹಾಡುವವಳ ಹೆಸರು ದೇವರ ಹೆಸರಿನ ಹೊಸ್ತಿಲಲ್ಲೇ ಕುಳಿತಿದೆ.

ಹೆಸರು ಅರ್ಥದಿಂದ ಅಂಕಿಗೆ ಜಾರುವ ಇನ್ನೊಂದು ಆಟವಿದೆ, ಅದರ ರುಚಿ ಹತ್ತಬೇಕಾದರೆ ಕೊಂಚ ಲೆಕ್ಕ ಬೇಕು. ಚಾರ್‌ಮಿನಾರಿನ ಕಾಲವನ್ನು ‘ಯಾ ಹಾಫಿಜ್’ ಎಂಬ ಎರಡು ಪದಗಳು ಸೂಚಿಸುತ್ತವೆಂದು ಹೈದರಾಬಾದಿನಲ್ಲಿ ಹೇಳುವುದುಂಟು. ಅಬ್ಜದ್ ಎಂಬ ಪದ್ಧತಿಯಲ್ಲಿ ಅರಬಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿದ್ದು, ಆ ಪದಗಳ 10, 1, 8, 1, 80, 900 ಇವುಗಳನ್ನು ಕೂಡಿದರೆ ಹಿಜರಿ 1000, ಅಂದರೆ ಕ್ರಿ.ಶ. 1591–92 ಬರುತ್ತದೆ. ಇದಕ್ಕೆ ಸರಿದೂಗುವ ಭಾರತೀಯ ವಿದ್ಯೆಯೇ ಕಟಪಯಾದಿ. ಕ, ಟ, ಪ, ಯ ಎಂಬ ನಾಲ್ಕು ಅಕ್ಷರಗಳಿಂದ ಒಂದೊಂದು ಸಾಲು ಹಿಡಿದು 1, 2, 3 ಎಂದು ಎಣಿಸುತ್ತಾ ಹೋಗಬೇಕು; ಞ ಮತ್ತು ನ ಸೊನ್ನೆ; ಸ್ವರಚಿಹ್ನೆಗಳಿಗೆ ಬೆಲೆಯಿಲ್ಲ; ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳು ಈ ಸೂತ್ರದಂತೆ ತಮ್ಮ ಕ್ರಮಸಂಖ್ಯೆಯನ್ನು ನುಡಿಯುತ್ತವೆ. ಅದಕ್ಕಾಗಿ ಹಳೆಯ ಹೆಸರುಗಳನ್ನೇ ತಿದ್ದಲಾಯಿತು: ಶಂಕರಾಭರಣಕ್ಕೆ ‘ಧೀರ’ ಸೇರಿ 29 ಆಯಿತು, ಕಲ್ಯಾಣಿಗೆ ‘ಮೇಚ’ ಸೇರಿ 65 ಆಯಿತು, ತೋಡಿಗೆ ‘ಹನುಮ’ ಸೇರಿ 8 ಆಯಿತು.

ಈ ಸೂತ್ರವನ್ನು ರಾಗಗಳಿಗೆ ಮಾತ್ರವೇ ಏಕೆ, ರಾಗ ಹಾಡಿದವರಿಗೂ ಅನ್ವಯಿಸಿದರೆ ಏನಾಗುತ್ತದೆಂದು ನೋಡುವುದು ವ್ಯರ್ಥ ವಿನೋದವಲ್ಲ. ರಾಮದಾಸನ ‘ರಾ’ 2, ‘ಮ’ 5. ತಿರುವಿದರೆ 52, ಆ ಸಂಖ್ಯೆಯ ಮೇಳದ ಹೆಸರು ರಾಮಪ್ರಿಯ. ಸೆರೆಗೆ ಹೋಗುವ ಮೊದಲಿನ ಗೋಪನ್ನನ ‘ಗೋ’ 3, ‘ಪ’ 1. ಸಂಖ್ಯೆ 13, ಮೇಳ ಗಾಯಕಪ್ರಿಯ. ಮೊಸರಕಲ್ಲಿನ ಗೋಪಾಲದಾಸರಿಗೂ ಇದೇ ಮೇಳ ಸಲ್ಲುತ್ತದೆ. ಕನಕದಾಸರು ಸಹಜವಾಗಿಯೇ ಮೊದಲ ಮೇಳವಾದ ಕನಕಾಂಗಿಗೂ, ಪುರಂದರದಾಸರು 21ನೆಯದಾದ ಕೀರವಾಣಿಗೂ, ಜಗನ್ನಾಥದಾಸರು 38ನೆಯದಾದ ಜಲಾರ್ಣವಕ್ಕೂ ಸೇರುತ್ತಾರೆ. ಮುತ್ತುಸ್ವಾಮಿ ದೀಕ್ಷಿತರ ‘ಮುತ್ತು’ ಮತ್ತು ಮೈಸೂರಿನ ವೀಣೆ ಶೇಷಣ್ಣನವರ ‘ಶೇಷ’ ಎರಡೂ 65 ಎಂದಾಗಿ ಕಲ್ಯಾಣಿಯಲ್ಲಿ ಕೂಡುತ್ತವೆ. ಪಿಟೀಲು ಚೌಡಯ್ಯನವರದು 36, ಚಲನಾಟ. ವಿಜಯದಾಸರಿಗೆ 84 ಬರುವುದರಿಂದಲೂ ಮೈಸೂರು ವಾಸುದೇವಾಚಾರ್ಯರಿಗೆ 74 ಬರುವುದರಿಂದಲೂ ಮೇಳಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ.

ಒತ್ತಕ್ಷರ ಬಂದಲ್ಲಿ ಆಟವು ಬಿಗಿಯಾಗುತ್ತದೆ. ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನವನ್ನೇ ಎಣಿಸಬೇಕೆಂಬುದು ಶಾಸ್ತ್ರದ ಸಾಮಾನ್ಯ ನಿಯಮವಾದರೂ ಮೇಳಗಳಿಗೆ ಹೆಸರಿಟ್ಟವರು ಅದನ್ನು ಎಲ್ಲೆಡೆಯೂ ಪಾಲಿಸಿಲ್ಲ. ಸೂರ್ಯಕಾಂತವು 17 ಆಗುವುದು ಕೊನೆಯ ವ್ಯಂಜನವಾದ ಯಕಾರದಿಂದ. ಚಕ್ರವಾಕವು 16 ಆಗುವುದು ಮಾತ್ರ ಮೊದಲನೆಯದಾದ ಕಕಾರದಿಂದ. ಆದ್ದರಿಂದ ತ್ಯಾಗರಾಜರಿಗೆ ಎರಡು ಮೇಳಗಳು ದೊರೆಯುತ್ತವೆ. ‘ತ್ಯಾ’ದಲ್ಲಿ ಯಕಾರವನ್ನು ಹಿಡಿದರೆ 31, ಅದು ಯಾಗಪ್ರಿಯ, ತಕಾರವನ್ನು ಹಿಡಿದರೆ 36, ಅದು ಚಲನಾಟ, ಅಂದರೆ ಅವರ ಪಂಚರತ್ನಗಳಲ್ಲಿ ಮೊದಲನೆಯದು ಇರುವ ನಾಟರಾಗದ ಜನಕ. ಶ್ಯಾಮಾಶಾಸ್ತ್ರಿಗಳೂ ಹಾಗೆಯೇ: ಯಕಾರದಿಂದ 51ರ ಕಾಮವರ್ಧಿನಿ, ಶಕಾರದಿಂದ 55ರ ಶ್ಯಾಮಲಾಂಗಿ. ಇದರಲ್ಲಿ ಯಾವ ರಹಸ್ಯವೂ ಅಡಗಿಲ್ಲ. 72 ಖಾನೆಗಳಲ್ಲಿ ಯಾರದೋ ಹೆಸರು ಎಲ್ಲಿಯೋ ಬೀಳಲೇಬೇಕು, ಬಿದ್ದ ಜಾಗ ಕೆಲವೊಮ್ಮೆ ಚೆಂದವಾಗಿರುತ್ತದೆ. ಆದರೂ ಮೇಳಗಳ ಸಂಖ್ಯೆಯನ್ನು ಬಾಯಿಪಾಠ ಮಾಡಲು ಒದ್ದಾಡುವ ಎಳೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಸಿಗಲಾರದು.

ಪಶ್ಚಿಮದ ಸಂಗೀತಗಾರರು ತಮ್ಮ ಹೆಸರನ್ನು ಮಾತಿನಲ್ಲಿ ಅಡಗಿಸುವುದಕ್ಕಿಂತ ಸ್ವರದಲ್ಲಿ ಅಡಗಿಸಿದ್ದು ಹೆಚ್ಚು. ಅಲ್ಲಿ ಸ್ವರಗಳಿಗೆ ಅಕ್ಷರಗಳೇ ಹೆಸರು; ಜರ್ಮನ್ ಪದ್ಧತಿಯಲ್ಲಿ ಬಿ, ಎ, ಸಿ, ಎಚ್ ನಾಲ್ಕೂ ಸ್ವರಗಳಾದ್ದರಿಂದ ಬಾಖ್ (1685–1750) ತನ್ನ ಹೆಸರನ್ನೇ ಒಂದು ಸ್ವರಗುಚ್ಛವನ್ನಾಗಿಸಿ ‘ಆರ್ಟ್ ಆಫ್ ಫ್ಯೂಗ್’ನ ಅಪೂರ್ಣವಾಗಿ ಉಳಿದ ಕೊನೆಯ ಭಾಗದಲ್ಲಿ ನುಡಿಸಿದ. ಶೋಸ್ತಕೋವಿಚ್ ತನ್ನ ಹತ್ತನೆಯ ಸಿಂಫನಿಯಲ್ಲಿ (1953) ಡಿ, ಎಸ್, ಸಿ, ಎಚ್ ಎಂದು ತನ್ನನ್ನು ಗುರುತಿಸಿಕೊಂಡ. ರಾವೆಲ್ 1909ರಲ್ಲಿ ಹೈಡನ್ನನ ಹೆಸರಿನ ಅಕ್ಷರಗಳ ಮೇಲೆ ಒಂದು ಪಿಯಾನೊ ರಚನೆಯನ್ನೇ ಬರೆದ. ಇವುಗಳನ್ನು ಬಿಟ್ಟರೆ ಇಂಗ್ಲಿಷ್ ಬಲ್ಲವರ ನಡುವೆ ಉಳಿಯುವುದು ಹ್ಯಾಂಡೆಲ್, ಶೋಪ್ಯಾನ್ ಮೊದಲಾದವರ ಹೆಸರಿನ ಮೇಲಿನ ಅಗ್ಗದ ಚಟಾಕಿಗಳು. ಆ ಪೈಕಿ ಹಂಗೇರಿಯ ಪಿಯಾನೊ ವಾದಕ ಲಿಸ್ಟ್‌ನ ಪಾಡು ಕನ್ನಡದಲ್ಲಿ ಇನ್ನೂ ಕಷ್ಟದ್ದು; ಇಂಗ್ಲಿಷಿನಲ್ಲಿ ಆತನನ್ನು ಕಿರಾಣಿಯ ಪಟ್ಟಿಯಿಂದ ಬೇರ್ಪಡಿಸುವ ಒಂದು ಅಕ್ಷರವಾದರೂ ಇದೆ, ಕನ್ನಡ ಲಿಪಿಯಲ್ಲಿ ಅದೂ ಇಲ್ಲ.

ಸ್ವರದಲ್ಲಿ ಹೆಸರನ್ನು ಅಡಗಿಸುವ ವಿದ್ಯೆಗೆ ಕರ್ನಾಟಕ ಸಂಗೀತದಲ್ಲಿ ಸ್ವರಾಕ್ಷರವೆಂದು ಹೆಸರು: ಸಾಹಿತ್ಯದ ಅಕ್ಷರವೂ ಅದು ಹಾಡಲ್ಪಡುವ ಸ್ವರವೂ ಒಂದೇ ಆಗಿರುವುದು. ಸ, ರಿ, ಗ, ಮ, ಪ, ದ, ನಿ ಇವು ಅಕ್ಷರಗಳಷ್ಟೇ ಅಲ್ಲ, ಉಚ್ಚರಿಸಬಹುದಾದ ಪೂರ್ಣ ಕಾಗುಣಿತಗಳಾದ್ದರಿಂದ ಕನ್ನಡದಲ್ಲಿ ಸರಿ, ಪದ, ಮಗ, ಗರಿ ಮೊದಲಾದ ಮಾತುಗಳು ತಾವಾಗಿಯೇ ಸ್ವರಗಳು. ‘ದನಿ’ ಎಂಬ ಮಾತು ಕೂಡ ದ-ನಿ. ಸ್ವರವೂ ಅಕ್ಷರವೂ ಪೂರ್ತಿ ಹೊಂದಿದರೆ ಅದು ಶುದ್ಧ ಸ್ವರಾಕ್ಷರ, ವ್ಯಂಜನ ಹೊಂದಿ ಕಾಗುಣಿತ ಬೇರೆಯಾದರೆ ಸೂಚಿತ ಸ್ವರಾಕ್ಷರ. ಈ ಅಳತೆಯಲ್ಲಿ ‘ದಾಸ’ ಎಂಬುದು ಶುದ್ಧ, ‘ರಾಮ’ದ ರಾಕಾರ ಸೂಚಿತ; ಎರಡನ್ನೂ ಕೂಡಿಸಿದರೆ ‘ರಾಮದಾಸ’ವು ರಿ-ಮ-ದ-ಸ ಎಂದು ಮೇಲೇರುವ ಒಂದು ಸಂಚಾರವಾಗುತ್ತದೆ, ಆ ನಾಲ್ಕೂ ಸ್ವರಗಳು ಆರಭಿಯ ಮತ್ತು ಶುದ್ಧಸಾವೇರಿಯ ಆರೋಹಣದಲ್ಲಿ ಇವೆ. ಬಾಖ್ ತನ್ನ ಹೆಸರಿಗಾಗಿ ಪರಸ್ಪರ ಅಂಟಿಕೊಂಡ ನಾಲ್ಕು ಇಕ್ಕಟ್ಟಾದ ಸ್ವರಗಳೊಡನೆ ಹೆಣಗಬೇಕಾಯಿತು. ಗೋಲ್ಕೊಂಡದ ಸೆರೆಯಾಳಿನ ಹೆಸರು ಹಾಡಲು ಅದಕ್ಕಿಂತ ಸುಲಭ.

ಇಷ್ಟೆಲ್ಲ ಜಾಣ್ಮೆಯೂ ಕೊನೆಗೆ ನಿಲ್ಲುವುದು ಹಾಡುವವರ ಪದಚ್ಛೇದದ ಮೇಲೆ. ಮುದ್ರೆಯ ಸಮಾಸವನ್ನು ತಾಳದ ಸೌಕರ್ಯಕ್ಕಾಗಿ ತಪ್ಪಾದ ಜಾಗದಲ್ಲಿ ಒಡೆದರೆ ಶ್ಲೇಷವು ಸತ್ತು, ಸ್ತುತಿಸಲ್ಪಟ್ಟವನಾರು, ಸ್ತುತಿಸಿದವನಾರು ಎಂಬುದೇ ಅದಲುಬದಲಾಗುತ್ತದೆ. ತೆಲುಗು ಮನೆಮಾತಾದ ಹೈದರಾಬಾದಿನ ಸಭೆಯಲ್ಲಿ ಇಂತಹ ತಪ್ಪು ಕೂಡಲೇ ಕಿವಿಗೆ ಬೀಳುತ್ತದೆ, ಬೆಂಗಳೂರಿನ ಸಭೆಯಲ್ಲಿ ದಾಸರ ಪದಕ್ಕೆ ಮಾತ್ರ ಆ ಎಚ್ಚರವಿರುತ್ತದೆ. ಹೊತ್ತು ಸಾಲದಾದಾಗ ಏನನ್ನು ಬಿಡಬೇಕೆಂಬ ಬಗ್ಗೆ ಮಾತ್ರ ಎಲ್ಲರದೂ ಒಂದೇ ಪದ್ಧತಿ: ದೇವರನಾಮದ ನಡುವಿನ ನುಡಿಗಳನ್ನು ಬಿಟ್ಟು ಅಂಕಿತದ ನುಡಿಗೆ ಹಾರುತ್ತಾರೆ, ಕೃತಿಯಲ್ಲಿ ಹಲವು ಚರಣಗಳಿದ್ದರೆ ಮುದ್ರೆಯಿರುವ ಚರಣವನ್ನು ಆರಿಸಿಕೊಳ್ಳುತ್ತಾರೆ, ಗಜಲಿನಲ್ಲಿ ನಾಲ್ಕಾರು ಶೇರುಗಳನ್ನು ಕೈಬಿಟ್ಟರೂ ಮಖ್ತಾವನ್ನು ಹಾಡಿಯೇ ಹಾರ್ಮೋನಿಯಂ ಮುಚ್ಚುತ್ತಾರೆ.